ಸಮಾಧಿಕಲ್ಲಿನಿಂದ ಇಂಗ್ಲೆಂಡಿನ ಹಳ್ಳಿಯವರೆಗೆ: ವಂಶಾವಳಿ ಹುಡುಕುವ ಬಗೆ

ಕಾರವಾರದ ಹಳೆಯ ಸಮಾಧಿಕಲ್ಲೊಂದರ ಮೇಲಿನ ಇಂಗ್ಲಿಷ್ ಹೆಸರಿನ ಮೂಲ ಹುಡುಕಹೊರಟವರು ಮೊದಲು ಕಲ್ಲನ್ನೇ ಸರಿಯಾಗಿ ಓದಬೇಕು. ಪಾಚಿಯನ್ನು ತಂತಿಬ್ರಷ್‌ನಿಂದ ಕೆರೆಯದೆ, ಇಳಿಹೊತ್ತಿನ ಓರೆಬಿಸಿಲಿನಲ್ಲಿ ಫೋಟೊ ತೆಗೆದರೆ ಸವೆದ ಅಕ್ಷರಗಳೂ ನೆರಳಿನಿಂದ ಎದ್ದು ಕಾಣುತ್ತವೆ.

ಮರಣದ ವರ್ಷ ತಿಳಿದ ಮೇಲೆ ದಾಖಲೆಯ ದಾರಿ ಕವಲೊಡೆಯುತ್ತದೆ. ಉತ್ತರ ಕನ್ನಡವು 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರಿಂದ, ಅದಕ್ಕೂ ಮೊದಲಿನ ಜ್ಞಾನಸ್ನಾನ, ಮದುವೆ, ಶವಸಂಸ್ಕಾರಗಳನ್ನು ಮದ್ರಾಸಿನ ಚರ್ಚ್ ದಾಖಲೆಗಳಲ್ಲಿಯೂ, ನಂತರದವುಗಳನ್ನು ಮುಂಬಯಿಯವುಗಳಲ್ಲಿಯೂ ನೋಡಬೇಕು. ಎರಡರ ಪ್ರತಿಗಳೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಇಂಗ್ಲೆಂಡಿನಲ್ಲಿ ಜನನ, ವಿವಾಹ, ಮರಣಗಳ ಸರ್ಕಾರಿ ನೋಂದಣಿ ಆರಂಭವಾದದ್ದು 1837ರ ಜುಲೈ 1ರಂದು. ವಿವಾಹ ಪ್ರಮಾಣಪತ್ರದಲ್ಲಿ ವಧೂವರರ ತಂದೆಯರ ಹೆಸರು ಮತ್ತು ಉದ್ಯೋಗ ಇರುವುದರಿಂದ, ನನ್ನ ಮಟ್ಟಿಗೆ ಒಂದು ತಲೆಮಾರು ಹಿಂದಕ್ಕೆ ಹೋಗಲು ಅದಕ್ಕಿಂತ ಒಳ್ಳೆಯ ಮೆಟ್ಟಿಲಿಲ್ಲ. 1841ರ ಜನಗಣತಿಯನ್ನು ಮಾತ್ರ ಎಚ್ಚರಿಕೆಯಿಂದ ಓದಿ: ಹದಿನೈದು ದಾಟಿದವರ ವಯಸ್ಸನ್ನು ಅಲ್ಲಿ ಸಾಮಾನ್ಯವಾಗಿ ಐದರ ಗುಣಕಕ್ಕೆ ಇಳಿಸಿ ಬರೆದಿದ್ದಾರೆ, ಅಂದರೆ 39ರವರು 35 ಆಗುತ್ತಾರೆ. 1851ರಿಂದ ಹುಟ್ಟಿದ ಊರಿನ ಹೆಸರೂ ಸಿಗುತ್ತದೆ.

ಅದಕ್ಕೂ ಹಿಂದಿನದಕ್ಕೆ 1538ರಲ್ಲಿ ಆರಂಭಗೊಂಡ ಪ್ಯಾರಿಷ್ ರಿಜಿಸ್ಟರುಗಳೇ, ಅಂದರೆ ಊರಿನ ಚರ್ಚುಗಳ ದಾಖಲೆ ಪುಸ್ತಕಗಳೇ ಗತಿ. 1752ಕ್ಕೆ ಮುಂಚೆ ಅಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಬರುತ್ತಿತ್ತು. ನಮ್ಮ ಯುಗಾದಿಯ ಆಸುಪಾಸಿಗೇ ಎನ್ನಿ. ಹೀಗಾಗಿ 1720ರ ಫೆಬ್ರವರಿ ಎಂದು ಬರೆದದ್ದು ಇಂದಿನ ಲೆಕ್ಕದಲ್ಲಿ 1721.