ಫ್ಲೋರಿಂಗ್, ಸ್ಕರ್ಟಿಂಗ್ ಕೆಲಸಕ್ಕ ಬ್ಯಾಟರಿ ಮೈಟರ್ ಸಾ ತೊಗೊಳ್ಳೋರು ಮೊದ್ಲ ಫಳಿ ಅಳೀರಿ

ಬ್ಯಾಟರಿ ಮೈಟರ್ ಸಾ (ಪಟ್ಟಿ, ಫಳಿ ಅಡ್ಡಕ್ಕ ಇಲ್ಲಾ ಬೇಕಾದ ಕೋನಕ್ಕ ಕೊಯ್ಯೋ ಮಷಿನ್) ತೊಗೋಬೇಕು ಅಂದ ಕೂಡ್ಲೆ ಎಲ್ಲಾರೂ ಕೇಳೋದು ಎಷ್ಟ ವೋಲ್ಟ್, ಯಾವ ಕಂಪನಿ, ಎಷ್ಟ ರೊಕ್ಕ ಅಂತ. ಅದೆಲ್ಲಾ ಆಮ್ಯಾಲ ನೋಡೂಣು. ಅಂಗಡಿಗೆ ಹೋಗೂ ಮೊದ್ಲ ಒಂದು ಟೇಪ್ ತೊಗೊಂಡು ನಿಮ್ಮನ್ಯಾಗ ಹಾಕೋ ಫ್ಲೋರಿಂಗ್ ಫಳಿ ಅಗಲ ಎಷ್ಟೈತಿ, ಸ್ಕರ್ಟಿಂಗ್ ಪಟ್ಟಿ ಎತ್ತರ ಎಷ್ಟೈತಿ ಅಂತ ಅಳದು ಒಂದು ಚೀಟಿ ಮ್ಯಾಲ ಬರಕೊಳ್ರಿ. ಈ ಎರಡು ನಂಬರ್ ಕೈಯಾಗಿದ್ರ ಅಂಗಡ್ಯಾಗಿನ ಅರ್ಧಾ ಮಷಿನ್ ನಿಮಗ ಬ್ಯಾಡ ಅಂತ ಅಲ್ಲೇ ಗೊತ್ತಾಗ್ತೈತಿ.

ಇನ್ನೊಂದು ಮಾತು ಮೊದ್ಲ ಹೇಳಿಬಿಡ್ತೀನಿ, ಬರೇ ಲ್ಯಾಮಿನೇಟ್ ಅಥವಾ ಎಸ್‌ಪಿಸಿ (ಕಲ್ಲಿನ ಪುಡಿ, ಪ್ಲಾಸ್ಟಿಕ್ ಕೂಡಿಸಿ ಮಾಡಿದ ಫಳಿ) ಫ್ಲೋರ್ ಹಾಕೋದಿದ್ರ ಮೈಟರ್ ಸಾ ಬೇಕೇ ಬೇಕು ಅಂತೇನಿಲ್ಲ. ಗ್ವಾಡಿ ಕಡೆ ಹೆಂಗೂ 8-10 ಎಂಎಂ ಜಾಗಾ ಬಿಡ್ತೀವಿ, ಯಾಕಂದ್ರ ಲ್ಯಾಮಿನೇಟ್ ಒಳಗಿರೋದು ಒತ್ತಿದ ಕಟ್ಟಿಗಿ ಪುಡಿ, ಧಾರವಾಡದ ಮಳಿಗಾಲದಾಗ ಅದು ಉಬ್ಬತೈತಿ, ಬ್ಯಾಸಗ್ಯಾಗ ಕುಗ್ಗತೈತಿ. ಆ ಸಂದಿ ಮ್ಯಾಲ ಸ್ಕರ್ಟಿಂಗ್ ಬಂದು ಕುಂದ್ರತೈತಿ, ಹಂಗಾಗಿ ಫಳಿ ತುದಿ ಎರಡು ಎಂಎಂ ಸೊಟ್ಟ ಇದ್ರೂ ಯಾರ ಕಣ್ಣಿಗೂ ಬೀಳಂಗಿಲ್ಲ, ಜಿಗ್‌ಸಾ ಸಾಕು. ಮೈಟರ್ ಸಾ ಖರೇ ಕೆಲಸಕ್ಕ ಬರೋದು ಸ್ಕರ್ಟಿಂಗ್, ಬಾಗಲ ಚೌಕಟ್ಟಿನ ಸುತ್ತಿನ ಪಟ್ಟಿ, ಬೀಡಿಂಗ್, ಹೊಸ್ತಿಲ ಹತ್ರ ಬರೋ ಟ್ರಾನ್ಸಿಶನ್ ಪಟ್ಟಿ, ಅಂದ್ರ ಎರಡು ತುದಿ ಕೂಡೋದು ಕಣ್ಣಿಗೆ ಕಾಣೋ ಜಾಗಾದಾಗ. ಮತ್ತ ಕಡೀ ಸಾಲಿನ ಫಳಿ ಉದ್ದಕ್ಕ ಸೀಳಬೇಕಾಗ್ತೈತಲ್ಲ, ಅದು ಮೈಟರ್ ಸಾ ಕೈಲೆ ಆಗಂಗೇ ಇಲ್ಲ, ಅಡ್ಡ ಕೊಯ್ಯೋದಷ್ಟ ಅದರ ಕೆಲಸ. ಎಂಟು ಬೈ ನಾಕು ಪ್ಲೈ ಶೀಟೂ ಆಗಂಗಿಲ್ಲ. ಒಂದ ಮಷಿನ್‌ನ್ಯಾಗ ಎಲ್ಲಾ ಮುಗಸ್ತೀನಿ ಅನ್ನೋರು ಇಲ್ಲೇ ನಿಲ್ಲೋದು ಚೊಲೊ.

ಬ್ಯಾಟರಿನೇ ಯಾಕ ಅಂತ ಕೇಳಿದ್ರ, ಕರೆಂಟ್ ಇರೋ ಒಂದ ಮನಿ, ಒಂದ ಸಲದ ಕೆಲಸ, ಆಮ್ಯಾಲ ಮಷಿನ್ ಅಟ್ಟದ ಮ್ಯಾಲ ಹೋಗೋದು ಅಂದ್ರ ವೈರಿಂದೇ ತೊಗೊಳ್ರಿ, ಸೋವಿ ಬೀಳ್ತೈತಿ, ತಾಕತ್ತೂ ಜಾಸ್ತಿ. ಆದ್ರ ಹುಬ್ಬಳ್ಳಿ ಹೊಸಾ ಲೇಔಟ್‌ನ್ಯಾಗ ಕಟ್ಟಸೋರಿಗೆ ಗೊತ್ತು, ಒಳಗಿನ ಫಿಟ್ಟಿಂಗ್ ಹೊತ್ತಿಗೆ ಇರೋದು ಟೆಂಪರರಿ ಮೀಟರ್, ಅದರಾಗ ಟೈಲ್ಸ್‌ನವರದೊಂದು ವೈರ್, ಪೇಂಟಿನವರದೊಂದು ವೈರ್, ಮಳಿ ಗಾಳಿ ಬಂತಂದ್ರ ಹೆಸ್ಕಾಂ ಕರೆಂಟ್ ಹೋಗಿ ಕೆಲಸ ಅಲ್ಲೇ ನಿಲ್ತೈತಿ. ಎರಡನೇ ಮಹಡಿಗೆ ಎಕ್ಸ್‌ಟೆನ್ಶನ್ ಬೋರ್ಡ್ ಎಳಕೊಂಡು ಹೋಗೋದೂ ಒಂದು ತ್ರಾಸು. ಮನಿ ತಿರಗಿ ಕೆಲಸಾ ಮಾಡೋರಿಗೆ, ಇಲ್ಲಾಂದ್ರ ಆಗಲೇ ಅದೇ ಕಂಪನಿ ಬ್ಯಾಟರಿ ಡ್ರಿಲ್ ಇರೋರಿಗೆ ಬ್ಯಾಟರಿ ಸಾ ಲಾಭ.

ಅಂಗಡ್ಯಾಗ ಹೆಸರಿನ ಗೊಂದಲ ಒಂದೈತಿ. ‘ಚಾಪ್ ಸಾ’ ಅಂತ ಕೇಳಿದ್ರ ಭಾಳ ಕಡೆ ಕಬ್ಬಣ ಕೊಯ್ಯೋ 14 ಇಂಚಿನ ಮಷಿನ್ ತಗದು ತೋರಸ್ತಾರ, ಗೇಟ್ ಗ್ರಿಲ್ ಮಾಡೋರು ಇಟ್ಕೊಂಡಿರ್ತಾರಲ್ಲ ಅದು. ಅದಕ್ಕ ಹಾಕೋದು ತಿಕ್ಕಿ ಕೊಯ್ಯೋ ಚಕ್ರ, ಹಲ್ಲಿನ ಬ್ಲೇಡ್ ಅಲ್ಲ. ಅದರಾಗ ಕಟ್ಟಿಗಿ ಬ್ಲೇಡ್ ಹಾಕೋದಾಗಲಿ, ಮೈಟರ್ ಸಾದಾಗ ಆ ಚಕ್ರ ಹಾಕೋದಾಗಲಿ ಮಾಡಬ್ಯಾಡ್ರಿ. ನಮ್ಮ ಕಡೆ ಮಾರ್ಬಲ್ ಕಟರ್‌ಗೆ ಕಟ್ಟಿಗಿ ಬ್ಲೇಡ್ ಹಾಕಿ, ಗಾರ್ಡ್ ಬಿಚ್ಚಿ, ಕಾಲಾಗ ಪಟ್ಟಿ ತುಳಕೊಂಡು ಕೊಯ್ಯೋರು ಅದಾರ, ಅದರ ಬಗ್ಗೆ ಏನ್ ಹೇಳ್ಲಿ, ಬೆರಳು ಅವರವು.

ಈಗ ಸೈಜಿಗೆ ಬರೂಣು. ಬ್ಯಾಟರಿ ಮೈಟರ್ ಸಾ ಸಾಮಾನ್ಯವಾಗಿ 165, 184 ಇಲ್ಲಾ 190, 216, 254, 305 ಎಂಎಂ ಬ್ಲೇಡ್‌ನ್ಯಾಗ ಬರ್ತಾವ. ಬ್ಲೇಡ್ ಸೈಜ್ ಅಂದ್ರ ಕೊಯ್ಯೋ ಅಗಲ ಅಂತ ತಿಳಕೋಬ್ಯಾಡ್ರಿ. ಸ್ಲೈಡ್ ಇಲ್ಲದ 165 ಎಂಎಂ ಸಣ್ಣ ಮಷಿನ್ 90 ಎಂಎಂ ಆಸುಪಾಸಿನ ಅಗಲದ ಪಟ್ಟಿ ಅಷ್ಟ ಕೊಯ್ತೈತಿ, ಆರೇಳು ಕಿಲೋ ತೂಕ, ಒಂದ ಕೈಯಾಗ ಎತ್ತಿ ಬೈಕ್ ಮ್ಯಾಲ ಇಟ್ಕೊಂಡು ಹೋಗಬಹುದು, ಬೀಡಿಂಗ್ ಕೆಲಸಕ್ಕ ಬಂಗಾರ. ಆದ್ರ ಫ್ಲೋರಿಂಗ್ ಫಳಿ ಅದರ ಕೆಳಗ ಅರ್ಧಾನೂ ಬರಂಗಿಲ್ಲ. ಫಳಿ ಕೊಯ್ಯಾಕ ತಲಿ ಹಿಂದ ಮುಂದ ಸರಿಯೋ ಸ್ಲೈಡಿಂಗ್ ಮಷಿನ್ನೇ ಬೇಕು.

ಎಷ್ಟು ಅಗಲ ಬೇಕು ಅನ್ನೋದಕ್ಕ ಲೆಕ್ಕ ಸರಳ ಐತಿ. ನೇರ ಕೊಯ್ಯಾಕ ಫಳಿ ಅಗಲ ಎಷ್ಟೋ ಅಷ್ಟು. 45 ಡಿಗ್ರಿ ಕೊಯ್ಯಬೇಕಂದ್ರ ಅದನ್ನ 1.414ಲೆ ಗುಣಿಸ್ರಿ. ಲ್ಯಾಮಿನೇಟ್ ಫಳಿ ಸಾಮಾನ್ಯ 190-200 ಎಂಎಂ ಇರ್ತೈತಿ, 190 ಅಂತ ಹಿಡದ್ರ 269 ಎಂಎಂ ಆಯ್ತು. ರೂಮಿಗೆ ಕರ್ಣದ ಗುಂಟ ಫಳಿ ಹಾಕಸೋ ಹುಕಿ ಇದ್ದೋರು ಈ ನಂಬರ್ ನೋಡಬೇಕು, ಯಾಕಂದ್ರ ಡಬ್ಬಿ ಮ್ಯಾಲ ದೊಡ್ಡದಾಗಿ ಬರಿಯೋದು ನೇರ ಕಟ್‌ದ ಅಗಲ, 45 ಡಿಗ್ರಿದು ಒಳಗಿನ ಪುಸ್ತಕದಾಗ ಸಣ್ಣ ಅಕ್ಷರದಾಗ ಇರ್ತೈತಿ. ನೇರ ಹಾಕಸೋರಿಗೆ 190 ಅಥವಾ 216ರ ಸ್ಲೈಡಿಂಗ್ ಸಾಕು. ನನ್ನ ಕೇಳಿದ್ರ ಮನಿ ಕೆಲಸಕ್ಕ 216 ನಡುವಿನ ದಾರಿ. 305 ಅಂದ್ರ ಇಪ್ಪತ್ತು ಕಿಲೋ ಮ್ಯಾಲ, ಬ್ಲೇಡ್ ತುಟ್ಟಿ, ಬ್ಯಾಟರಿ ಗಟಗಟ ಕುಡಿತೈತಿ, ಮನಿಗೆ ಯಾಕ ಬೇಕ್ರಿ ಅದು. ಸ್ಲೈಡಿಂಗ್ ತೊಗೊಳ್ಳೋರು ಇನ್ನೊಂದು ನೋಡ್ರಿ, ಕೆಲವದರ ಸರಳು ಹಿಂದಕ್ಕ ಚಾಚತಾವ, ಸಣ್ಣ ರೂಮಿನ್ಯಾಗ ಗ್ವಾಡಿಗೆ ಹಚ್ಚಿ ಇಡಾಕ ಬರಂಗಿಲ್ಲ.

ಸ್ಕರ್ಟಿಂಗ್‌ನ್ಯಾಗ ಮಂದಿ ಎಡವೋದು ಬ್ಯಾರೇ ಕಡೆ. ಮೂರಿಂಚು ಪಟ್ಟಿ ಆದ್ರ ಕೆಲವು ಮಷಿನ್‌ದಾಗ ಹಿಂದಿನ ಫೆನ್ಸ್‌ಗೆ (ಪಟ್ಟಿ ಆನಿಸಿಡೋ ಅಡ್ಡಪಟ್ಟಿ) ನಿಂದ್ರಿಸಿ ಟೇಬಲ್ ತಿರಗಿಸಿ 45 ಕೊಯ್ಯಬಹುದು, ನಾಕಿಂಚಿಂದು ಸಣ್ಣ ಮಷಿನ್‌ದಾಗ ನಿಂದ್ರಸಾಕ ಬರಂಗಿಲ್ಲ, ಮೋಟಾರ್ ಬಡೀತೈತಿ ಇಲ್ಲಾ ಬ್ಲೇಡ್ ಪೂರ್ತಿ ಇಳಿಯಂಗಿಲ್ಲ. ಆಗ ಪಟ್ಟಿ ಮಲಗಿಸಿ ತಲಿ ಬಾಜೂಕ ವಾಲಿಸಿ ಕೊಯ್ಯಬೇಕು, ಅದಕ್ಕ ಬೆವೆಲ್ ಅಂತಾರ. ಒಂದ ಕಡೆ ವಾಲೋ ಮಷಿನ್ ಸೋವಿ, ಎರಡೂ ಕಡೆ ವಾಲೋದು ತುಟ್ಟಿ. ಒಂದ ಕಡೆ ವಾಲೋದರಾಗೂ ಪಟ್ಟಿ ಹೊಳ್ಳಿಸಿಟ್ಟು ಕೆಲಸ ಮುಗಸಬಹುದು, ಎಡಾ ಬಲಾ ತಲಿಕೆಡತೈತಿ ಅಷ್ಟ. ಪೆನ್ಸಿಲ್‌ಲೆ ಪಟ್ಟಿ ಹಿಂದ ‘ಮ್ಯಾಲ’ ಅಂತ ಬರದು ಬಾಣ ಹಾಕ್ಕೊಂಡ್ರ ಸರಿಹೋಗ್ತೈತಿ. ಆ ಸಲುವಾಗಿ ಎಕ್ಸ್‌ಟ್ರಾ ರೊಕ್ಕ ಹಾಕೋದಕ್ಕಿಂತ ಚೊಲೊ ಬ್ಲೇಡಿಗೆ ಹಾಕ್ರಿ.

ವೋಲ್ಟೇಜ್ ವಿಷಯಕ್ಕ ಬಂದ್ರ, 18 ವೋಲ್ಟ್ ಅಂತ ಬರದದ್ದೂ 20 ವೋಲ್ಟ್ ಮ್ಯಾಕ್ಸ್ ಅಂತ ಬರದದ್ದೂ ಒಂದೇ ಜಾತಿ ಬ್ಯಾಟರಿ. ಒಳಗ 3.6 ವೋಲ್ಟಿನ ಐದು ಸೆಲ್ ಸಾಲಾಗಿರ್ತಾವ, ಪೂರ್ತಿ ಚಾರ್ಜ್ ಆದಾಗ ಇಪ್ಪತ್ತರ ಮ್ಯಾಲ ತೋರಸ್ತೈತಿ, ಕೆಲಸ ಮಾಡೂವಾಗ 18. ಆನ್‌ಲೈನ್‌ದಾಗ ಹೆಸರಿಲ್ಲದ ಮಷಿನ್ ಮ್ಯಾಲ 88, 128 ಅಂತ ಬರದಿರ್ತಾರಲ್ಲ, ಅದು ಬರೇ ಸ್ಟಿಕ್ಕರ್. ನೋಡಬೇಕಾದ್ದು ವ್ಯಾಟ್ ಅವರ್, ಅಂದ್ರ ಬ್ಯಾಟರ್ಯಾಗ ಒಟ್ಟು ಎಷ್ಟು ಶಕ್ತಿ ತುಂಬಿರ್ತೈತಿ ಅನ್ನೋದು. 18 ವೋಲ್ಟ್ 5 ಆಂಪ್ ಅವರ್ ಅಂದ್ರ 90 ವ್ಯಾಟ್ ಅವರ್, ಡ್ರಿಲ್ ಜೋಡಿ ಬರೋ 2 ಆಂಪ್ ಅವರ್‌ದು ಬರೇ 36. ಆ ಸಣ್ಣ ಬ್ಯಾಟರಿಲೆ ಮೈಟರ್ ಸಾ ತಿರಗ್ತೈತಿ, ಆದ್ರ ದಪ್ಪ ಕಟ್ಟಿಗಿ ಸಿಕ್ಕಾಗ ತಟ್ಟನೆ ನಿಲ್ತೈತಿ. ಕಮ್ಮಿ ಅಂದ್ರೂ 5 ಆಂಪ್ ಅವರ್‌ದು ಎರಡು ಇರಲಿ, ಒಂದು ಕೆಲಸದಾಗ, ಒಂದು ಚಾರ್ಜಿಗೆ. ಬ್ರಶ್‌ಲೆಸ್ ಮೋಟಾರ್ ಇರೋದನ್ನ ನೋಡ್ರಿ, ಅದೇ ಬ್ಯಾಟರಿಲೆ ಜಾಸ್ತಿ ಹೊತ್ತು ನಡೀತೈತಿ.

ಕಂಪನಿ ಅಂದ್ರ ಬಾಷ್, ಮಕಿಟಾ, ಡಿವಾಲ್ಟ್ ಯಾವುದಾದ್ರೂ ಆಗಲಿ, ನಿಮ್ಮ ಮನ್ಯಾಗ ಯಾವ ಬ್ಯಾಟರಿ ಐತೋ ಅದರ ಸಾನೇ ತೊಗೊಳ್ರಿ, ಒಬ್ಬರದು ಇನ್ನೊಬ್ಬರಿಗೆ ಕೂಡಂಗಿಲ್ಲ. ಒಂದ ಕಂಪನಿ ಒಳಗೂ ಎಚ್ಚರ ಇರಲಿ, ಬಾಷ್‌ದ ನೀಲಿ ಮಷಿನ್ ಬ್ಯಾಟರಿ ಹಸಿರಿಗೆ ಕುಂದ್ರಂಗಿಲ್ಲ, ಮಕಿಟಾ 18 ಬ್ಯಾಟರಿ 40ರ ಮಷಿನ್‌ಗೆ ಕುಂದ್ರಂಗಿಲ್ಲ. ಬಾಡಿ ಅಷ್ಟ ರೇಟ್ ನೋಡಿ ಸೋವಿ ಸಿಕ್ತು ಅಂತ ಹಿಗ್ಗೋರು ಬ್ಯಾಟರಿ, ಚಾರ್ಜರ್ ರೇಟ್ ಕೂಡಿಸಿ ನೋಡ್ರಿ. ಗದಗದ ಏಪ್ರಿಲ್ ಬಿಸಲಾಗ ಬ್ಯಾಟರಿ ಕಾರಿನ್ಯಾಗ ಬಿಡಬ್ಯಾಡ್ರಿ, ಕಾದ ಬ್ಯಾಟರಿ ಆರೂ ತನಕ ಚಾರ್ಜರ್ ಚಾರ್ಜ್ ಮಾಡದ ಸುಮ್ಮನ ಕುಂದ್ರತೈತಿ.

ಬ್ಲೇಡ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರ ಮಷಿನ್ ಜೋಡಿ ಬರೋ ಬ್ಲೇಡ್ ಭಾಳಷ್ಟು ಸಲ 24 ಹಲ್ಲಿಂದು, ಅದು ಒರಟು ಕೆಲಸದ್ದು. ಅದರಾಗ ಪೇಂಟ್ ಹಚ್ಚಿದ ಎಂಡಿಎಫ್ (ಕಟ್ಟಿಗಿ ನಾರು ಒತ್ತಿ ಮಾಡಿದ ಹಲಗಿ) ಸ್ಕರ್ಟಿಂಗ್ ಕೊಯ್ದ್ರ ಅಂಚು ಇಲಿ ಕಡದಂಗ ಆಗ್ತೈತಿ, ಮಂದಿ ಮಷಿನ್‌ಗೆ ಬೈತಾರ. 216ಕ್ಕ 48 ರಿಂದ 60 ಹಲ್ಲಿನ, ತೆಳ್ಳಗಿನ ಬ್ಲೇಡ್ ಹಾಕ್ರಿ, ತೆಳ್ಳಗಿದ್ದಷ್ಟು ಬ್ಯಾಟರಿಗೂ ಹೊರಿ ಕಮ್ಮಿ. ಲ್ಯಾಮಿನೇಟ್‌ಗೆ ಟ್ರಿಪಲ್ ಚಿಪ್ ಅಂತ ಬರೋ ಹಲ್ಲು ಬಾಳಕಿ ಬರ್ತೈತಿ, ಸಾಗವಾನಿ ಪಟ್ಟಿಗೆ ಒಂದು ಹಲ್ಲು ಎಡಕ್ಕ ಒಂದು ಬಲಕ್ಕ ಓರೆ ಇರೋದು ನುಣುಪ. ಸಾಗವಾನ್ಯಾಗ ಸಿಲಿಕಾ ಇರ್ತೈತಿ, ದಾಂಡೇಲಿ ಕಡೆ ಕಟ್ಟಿಗಿ ಕೊಯ್ಯೋ ಬಡಿಗ್ಯಾರನ್ನ ಕೇಳ್ರಿ, ಹಲ್ಲು ಲಗೂನ ಮೊಂಡ ಆಗ್ತಾವ. ಎಸ್‌ಪಿಸಿ ಫಳ್ಯಾಗ ಸುಣ್ಣದ ಕಲ್ಲಿನ ಪುಡಿ ಇರ್ತೈತಿ, ಅದಕ್ಕ ಚೊಲೊ ಬ್ಲೇಡ್ ಹಾಳ ಮಾಡೋ ಬದ್ಲಿ ಚಾಕೂಲೆ ಗೆರಿ ಎಳದು ಮುರದ್ರ ಸಾಕು. ಬ್ಲೇಡ್ ತರೂವಾಗ ನಡುವಿನ ತೂತು 20, 25.4, 30 ಯಾವುದು ಅಂತ ಮಷಿನ್ ಪುಸ್ತಕದಾಗ ನೋಡಿ ಹೋಗ್ರಿ, ಅಂಗಡ್ಯಾವ್ರು ‘ವಾಶರ್ ಹಾಕಿ ಕೂಡಸ್ತೀನಿ’ ಅಂದ್ರ ಬ್ಯಾಡ ಅನ್ರಿ.

ಅಂಗಡ್ಯಾಗ ಮಷಿನ್ ಡಬ್ಬಿ ತಗಸ್ರಿ, ನಾಚಗಿ ಬ್ಯಾಡ. ತಲಿ ಪೂರ್ತಿ ಮುಂದಕ್ಕ ಎಳದು ಹಿಡಕಿ ಬಾಜೂಕ ಅಲಗಾಡಿಸ್ರಿ, ಲಟಲಟ ಅಂದ್ರ ಅದು ಮನಿಗೆ ಬಂದ ಮ್ಯಾಲೂ ಲಟಲಟನೇ. ಫೆನ್ಸ್‌ಗೆ ಸ್ಟೀಲ್ ಸ್ಕೇಲ್ ಹಚ್ಚಿ ನೋಡ್ರಿ, ಎರಡೂ ಕಡೆ ಒಂದ ಗೆರಿಯಾಗ ಇರಬೇಕು. ಕೊಯ್ಯಾಕ ಬಿಟ್ರ ಅಗಲನ ಒಂದು ಪಟ್ಟಿ ನೇರ 90ಕ್ಕ ಕೊಯ್ದು, ಎರಡು ತುಂಡಿನ್ಯಾಗ ಒಂದನ್ನ ಹೊಳ್ಳಿಸಿ ಕೊಯ್ದ ತುದಿ ತುದಿಗೆ ಹಚ್ಚಿಡ್ರಿ. ಸಂದು ಕಂಡ್ರ ಅದರ ಅರ್ಧಾ ಮಷಿನ್ ತಪ್ಪು. ಇದಕ್ಕ ಗುಣ್ಯಾನೂ (90 ನೋಡೋ ಮೂಲಿಮಟ್ಟ) ಬೇಕಾಗಿಲ್ಲ. ಸ್ವಲ್ಪ ತಪ್ಪು ಇದ್ರ ಬೋಲ್ಟ್ ಸಡಲಿಸಿ ಸರಿ ಮಾಡಬಹುದು, ಹಂಗ ಮಾಡಾಕ ಅನುಕೂಲ ಐತೇನು ಕೇಳ್ರಿ. ಲೇಸರ್‌ಗಿಂತ ಬ್ಲೇಡ್ ನೆಳ್ಳು ಬೀಳಸೋ ಎಲ್‌ಇಡಿ ಚೊಲೊ, ಬ್ಲೇಡ್ ಬದಲಾಯಿಸಿದ್ರೂ ನೆಳ್ಳು ತಪ್ಪು ಹೇಳಂಗಿಲ್ಲ.

ಮಷಿನ್ ಎಷ್ಟ ಬರೋಬ್ಬರಿ ಇದ್ರೂ ಗ್ವಾಡಿ ಬರೋಬ್ಬರಿ ಇರಬೇಕಲ್ಲ. ಧಾರವಾಡದ ಹಳೇ ಮನ್ಯಾಗ, ಹೊಸಾವದರಾಗೂ, ಮೂಲಿ 90 ಇರೋದು ಅಪರೂಪ. ಮೂಲಿ ಅಳದು ಅರ್ಧಾ ಮಾಡಿ, ಅದನ್ನ 90ರಾಗ ಕಳೀರಿ, 92 ಬಂತಂದ್ರ ಅರ್ಧಾ 46, ಮಷಿನ್ ಸ್ಕೇಲ್ 44ಕ್ಕ ಇಟ್ಟು ಎರಡೂ ಪಟ್ಟಿ ಕೊಯ್ಯಬೇಕು. ಅದಕ್ಕ 45ರ ಖಾಚಿನ (ಟೇಬಲ್ ಕಚ್ಚಿ ನಿಲ್ಲೋ ಜಾಗಾ) ಬಾಜೂಕ ಒಂದು ಡಿಗ್ರಿ ಸರಿಸಿ ಗಟ್ಟಿ ನಿಂದ್ರಸಾಕ ಬರ್ತೈತೇನು ಅನ್ನೋದೂ ತೊಗೊಳ್ಳೂವಾಗೇ ನೋಡಬೇಕು, ಕೆಲವು ಮಷಿನ್ ಜಾರಿ ಹೊಳ್ಳಿ 45ಕ್ಕ ಬೀಳ್ತಾವ.

ಕೊಯ್ಯೂವಾಗ ಚಂದ ಕಾಣೋ ಮುಖ ಮ್ಯಾಲ ಇರಲಿ, ಮೈಟರ್ ಸಾ ಹಲ್ಲು ಮ್ಯಾಲಿಂದ ಇಳೀತಾವ, ಜಿಗ್‌ಸಾದ್ದು ಇದಕ್ಕ ಉಲ್ಟಾ. ಎಂಟು ಫುಟ್ ಪಟ್ಟಿ ತುದಿ ಜೋತು ಬಿದ್ರ ಯಾವ ಕೋನಾನೂ ಬರಂಗಿಲ್ಲ, ಟೇಬಲ್ ಎತ್ತರಕ್ಕ ಸರಿಯಾಗಿ ಪ್ಲೈ ತುಂಡೋ ಕಡಪಾ ತುಂಡೋ ಕೆಳಗ ಕೊಡ್ರಿ. ಬ್ಲೇಡ್ ಪೂರ್ತಿ ಸ್ಪೀಡ್ ಹಿಡದ ಮ್ಯಾಲ ಇಳಸ್ರಿ. ಸ್ಲೈಡಿಂಗ್ ಆದ್ರ ಮುಂದಕ್ಕ ಎಳದು, ಕೆಳಗ ಇಳಿಸಿ, ಹಿಂದಕ್ಕ ದೂಡಬೇಕು, ಕೊಯ್ಕೋತ ತಮ್ಮ ಕಡೆ ಎಳಿಯೋದು ಡೇಂಜರ್. ಕೈ ಬ್ಲೇಡಿಂದ ಆರಿಂಚು ದೂರ ಇರಲಿ, ಬ್ಲೇಡ್ ನಿಲ್ಲೂ ತನಕ ತಲಿ ಎತ್ತಬ್ಯಾಡ್ರಿ, ಬ್ಲೇಡ್ ಮುಟ್ಟೂ ಮೊದ್ಲ ಬ್ಯಾಟರಿ ತಗೀರಿ. ಕಣ್ಣಿಗೆ ಚಶ್ಮಾ, ಮೂಗಿಗೆ ಚೊಲೊ ಮಾಸ್ಕ್ ಬೇಕೇ ಬೇಕು, ಎಂಡಿಎಫ್ ಧೂಳು ಸಣ್ಣದು, ಮಷಿನ್ ಜೋಡಿ ಬರೋ ಚೀಲದಾಗ ಅರ್ಧಾನೂ ಬೀಳಂಗಿಲ್ಲ.

ಬಿಲ್ ಜಿಎಸ್‌ಟಿ ಹಾಕಿದ್ದೇ ತೊಗೊಳ್ರಿ, ಮಷಿನ್ ನಂಬರ್ ಅದರಾಗ ಬರಸ್ರಿ, ವಾರಂಟಿಗೆ ಅದೇ ಆಧಾರ. ಗದಗ ಹಾವೇರಿಯಿಂದ ಹುಬ್ಬಳ್ಳಿಗೆ ಬಂದು ಒಯ್ಯೋರು ರಿಪೇರಿ ಹುಬ್ಬಳ್ಳ್ಯಾಗೇ ಆಗ್ತೈತೋ ಬೆಂಗಳೂರಿಗೆ ಕಳಸ್ತಾರೋ ಅಂತ ರೊಕ್ಕ ಕೊಡೂ ಮೊದ್ಲ ಕೇಳ್ರಿ.