ಮೊದಲು ಯಾವ ರಸ್ತೆ? ಬೆಳೆಯುವ ಬಡಾವಣೆಗೆ ಆದ್ಯತೆ ಪಟ್ಟಿ ಮಾಡುವ ಬಗೆ

ಹಾಸನದಿಂದ ಯಾವ ದಿಕ್ಕಿಗೆ ಹೊರಟರೂ, ಸಾಲಗಾಮೆ ರಸ್ತೆಯಾಗಲಿ, ಬೇಲೂರು ರಸ್ತೆಯಾಗಲಿ, ಹೊಳೆನರಸೀಪುರ ರಸ್ತೆಯಾಗಲಿ, ಹಿಂದೆ ಹೊಲವಿದ್ದ ಕಡೆ ಇವತ್ತು ಲೇಔಟ್ ಕಲ್ಲು ನಿಂತಿವೆ. ಮನೆಗಳು ಎದ್ದವು, ಶಾಲೆ ಬಂತು, ಪಿ.ಜಿ.ಗಳು ಬಂದವು. ರಸ್ತೆ ಮಾತ್ರ ಹಿಂದಿನದೇ. ವಾರ್ಡಿನಲ್ಲಿ ಸಭೆ ಕರೆದರೆ ಮೊದಲು ಏಳುವ ಕೂಗು 'ರಸ್ತೆ ಅಗಲ ಮಾಡಿ' ಎಂಬುದು. ಅಗಲ ಮಾಡಲು ಜಾಗ ಬಿಡಿಸಬೇಕು, ಪರಿಹಾರ ಕೊಡಬೇಕು, ಯಾರಾದರೂ ಕೋರ್ಟಿಗೆ ಹೋದರೆ ತಡೆಯಾಜ್ಞೆ ತೆರವಾಗುವವರೆಗೆ ಕಾಯಬೇಕು. ಅಷ್ಟರಲ್ಲಿ ಅದೇ ದುಡ್ಡಿನ ಒಂದು ಪಾಲಿನಲ್ಲಿ ಮಕ್ಕಳು ದಾಟುವ ಜಾಗಗಳೆಲ್ಲ ಸರಿಯಾಗಿರುತ್ತಿದ್ದವು. ಯಾವುದು ಮೊದಲು, ಯಾವುದು ಆಮೇಲೆ ಎಂದು ಬಡಾವಣೆಯ ಸಂಘವೇ ಅಳೆದು ಎಣಿಸಿ ಪಟ್ಟಿ ಮಾಡುವ ಕ್ರಮ ಇಲ್ಲಿದೆ.

ರಸ್ತೆ ಯಾರದು?

ಅರ್ಜಿ ಬರೆಯುವ ಮೊದಲೇ ಇದು ಗೊತ್ತಿರಬೇಕು. ಹೊರವಲಯದಲ್ಲಿ ಒಂದು ಕಿಲೋಮೀಟರಿನೊಳಗೆ ನಾಲ್ಕು ಯಜಮಾನರು ಸಿಗುವುದುಂಟು: ಮುಖ್ಯರಸ್ತೆ ಲೋಕೋಪಯೋಗಿ ಇಲಾಖೆಯದು, ಒಳರಸ್ತೆ ನಗರಾಡಳಿತದ್ದು, ಇನ್ನೂ ಹಸ್ತಾಂತರವಾಗದ ಲೇಔಟಿನ ರಸ್ತೆ ಲೇಔಟ್ ಮಾಡಿದವರದೋ ಹುಡಾದ್ದೋ (ಹಾಸನ ನಗರಾಭಿವೃದ್ಧಿ ಪ್ರಾಧಿಕಾರ), ಅದರಾಚೆ ಗ್ರಾಮ ಪಂಚಾಯಿತಿಯದು. ಬೈಪಾಸ್ ಆದ ಮೇಲೆ ಊರೊಳಗೆ ಉಳಿಯುವ ಹಳೇ ಹೆದ್ದಾರಿಯ ತುಂಡು ಯಾರ ಸುಪರ್ದಿಯಲ್ಲಿದೆ ಎಂಬುದನ್ನು ಕಡತ ನೋಡಿಯೇ ಹೇಳಬೇಕು. ತಪ್ಪು ಕಚೇರಿಗೆ ಕೊಟ್ಟ ಅರ್ಜಿ 'ನಮ್ಮ ವ್ಯಾಪ್ತಿಗೆ ಬರುವುದಿಲ್ಲ' ಎಂಬ ಹಿಂಬರಹದೊಂದಿಗೆ ವಾಪಸ್ ಬರುವಷ್ಟರಲ್ಲಿ ಆ ವರ್ಷದ ಬಜೆಟ್ ಮುಗಿದಿರುತ್ತದೆ. ಬಡಾವಣೆಯ ನಕ್ಷೆ ತಂದು ಒಬ್ಬೊಬ್ಬ ಯಜಮಾನನ ರಸ್ತೆಗೆ ಒಂದೊಂದು ಬಣ್ಣ ಬಳಿಯಿರಿ. ನಕ್ಷೆಯಲ್ಲಿ 40 ಅಡಿ ಎಂದಿರುವುದು ನೆಲದ ಮೇಲೆ ಎಷ್ಟಿದೆ ಎಂದೂ ಟೇಪ್ ಹಿಡಿದು ಪಕ್ಕದಲ್ಲೇ ಬರೆಯಿರಿ. ಕಾಂಪೌಂಡು, ಮೆಟ್ಟಿಲು, ಜನರೇಟರ್ ಕಟ್ಟೆ ಎಷ್ಟು ಮುಂದೆ ಬಂದಿವೆ ಎಂಬುದು ಆಗಲೇ ಬಯಲಾಗುತ್ತದೆ.

ಎಣಿಕೆ

ಬೇಕಾದ ಸಾಮಾನು ಕಡಿಮೆ: 30 ಮೀಟರಿನ ಟೇಪು, ಸೀಮೆಸುಣ್ಣ, ರಟ್ಟಿನ ಪ್ಯಾಡು, ಸ್ಟಾಪ್‌ವಾಚ್ ಇರುವ ಮೊಬೈಲು, ಒಂದೊಂದು ಜಾಗಕ್ಕೆ ಮೂವರು. ಶಾಲೆ, ಕಾಲೇಜು ನಡೆಯುವ ಮಾಮೂಲಿ ವಾರದ ದಿನ, ಬೆಳಿಗ್ಗೆ 8ರಿಂದ 10, ಸಂಜೆ 4ರಿಂದ 6.30ರವರೆಗೆ, 15 ನಿಮಿಷಕ್ಕೊಂದು ಸಾಲಿನಂತೆ ಎಣಿಸಿ. ದಸರಾ ರಜೆ, ಬೇಸಿಗೆ ರಜೆಯಲ್ಲಿ ಬೇಡ. ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಂತೂ ಬೇಡವೇ ಬೇಡ. ಊರಿನ ಲೆಕ್ಕವೇ ಏರುಪೇರಾಗಿರುತ್ತದೆ. ಸಂತೆ ದಿನ ಬೇರೆ ಎಣಿಸಿ, ಬೇರೆಯಾಗಿಯೇ ಇಡಿ.

ಒಂದು ಬಸ್ಸನ್ನೂ ಒಂದು ಬೈಕನ್ನೂ ಒಂದೇ ಎಂದು ಎಣಿಸುವಂತಿಲ್ಲ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಐ.ಆರ್.ಸಿ.) ಎಲ್ಲವನ್ನೂ ಕಾರಿನ ಅಳತೆಗೆ ತರುತ್ತದೆ. ಆ ಅಳತೆಯ ಹೆಸರು ಪಿ.ಸಿ.ಯು. ಒಟ್ಟು ವಾಹನಗಳಲ್ಲಿ ಶೇ 10ಕ್ಕಿಂತ ಹೆಚ್ಚಿರುವಾಗ ದ್ವಿಚಕ್ರ ವಾಹನಕ್ಕೆ 0.75, ಕಾರಿಗೆ 1, ಆಟೊಗೆ 2. ಬಸ್ಸು, ಲಾರಿ ಶೇ 5ರೊಳಗಿದ್ದರೆ 2.2. ಒಂದು ದ್ವಿಪಥ ರಸ್ತೆಯಲ್ಲಿ ಗಂಟೆಗೆ 620 ಬೈಕು, 180 ಕಾರು, 130 ಆಟೊ, 20 ಬಸ್ಸು ಬಂದವು ಎಂದುಕೊಳ್ಳಿ. 465, 180, 260, 44 ಕೂಡಿದರೆ 949.

ಈಗ ಇದನ್ನು ರಸ್ತೆಯ ಸಾಮರ್ಥ್ಯದೊಂದಿಗೆ ಹೋಲಿಸಿ. ಎರಡೂ ಕಡೆಯಿಂದ ವಾಹನ ಬರುವ ದ್ವಿಪಥ ರಸ್ತೆಗೆ ಐ.ಆರ್.ಸಿ.ಯ 106ನೇ ಮಾರ್ಗಸೂಚಿ ಮೂರು ಅಂಕಿ ಕೊಡುತ್ತದೆ. ಪಕ್ಕದಲ್ಲಿ ವಾಹನ ನಿಲ್ಲದೆ, ಅಡ್ಡ ದಾರಿಗಳ ಕಾಟವೂ ಇಲ್ಲದಿದ್ದರೆ ಗಂಟೆಗೆ 1500 ಪಿ.ಸಿ.ಯು. ಅಂಗಡಿ, ಮನೆ ಇದ್ದರೂ ವಾಹನ ನಿಲ್ಲಿಸದಿದ್ದರೆ 1200. ನಿಂತ ವಾಹನ, ಅಡ್ಡಬರುವ ಸಂಚಾರ ಎಲ್ಲ ಇದ್ದರೆ 900. ಒಂದಡಿ ಜಾಗವೂ ಹೆಚ್ಚು ಕಡಿಮೆಯಾಗದೆ 600ರ ವ್ಯತ್ಯಾಸ! ಮೇಲಿನ 949 ಬಂದ ರಸ್ತೆ 900ರ ಲೆಕ್ಕದಲ್ಲಿ ತುಂಬಿ ತುಳುಕುತ್ತಿದೆ; ನಿಂತ ಕಾರುಗಳನ್ನು ತೆಗೆಸಿದರೆ ಅದೇ ರಸ್ತೆಯಲ್ಲಿ ಇನ್ನೂ 250ಕ್ಕೆ ಎಡೆಯಿದೆ. ಬೇಕರಿ ಮುಂದೆ ನಿಲ್ಲುವ ನಾಲ್ಕು ಕಾರು, ತಿರುವಿನಲ್ಲೇ ಇರುವ ಆಟೊ ಸ್ಟ್ಯಾಂಡು ತೆಗೆಸದೆ ಮೂರನೇ ಪಥ ಹಾಕಿದರೆ ಆ ಪಥವೂ ಪಾರ್ಕಿಂಗ್ ಆಗುತ್ತದೆ. ಅಗಲೀಕರಣ ಯಾವತ್ತೂ ಬೇಡವೆಂದಲ್ಲ. ಪಾರ್ಕಿಂಗ್ ತೆಗೆಸಿ, ವೃತ್ತ ಸರಿಪಡಿಸಿದ ಮೇಲೂ ಎಣಿಕೆ 1200 ದಾಟಿದರೆ ಆಗ ಅದರ ಮಾತು.

ವೇಗ ಅಳೆಯುವುದು ಇನ್ನೂ ಸುಲಭ. ರಸ್ತೆಯ ಮೇಲೆ 50 ಮೀಟರ್ ಅಂತರದಲ್ಲಿ ಎರಡು ಸುಣ್ಣದ ಗೆರೆ ಎಳೆಯಿರಿ. ಅಷ್ಟು ದೂರವನ್ನು 6 ಸೆಕೆಂಡಿನಲ್ಲಿ ಕ್ರಮಿಸಿದರೆ ಗಂಟೆಗೆ 30 ಕಿ.ಮೀ., 4.5 ಸೆಕೆಂಡಾದರೆ 40, 3.6 ಸೆಕೆಂಡಾದರೆ 50. ನೂರು ವಾಹನ ಅಳೆದು ವೇಗದ ಕ್ರಮದಲ್ಲಿ ಬರೆದಾಗ, ಅತಿ ವೇಗದ್ದರಿಂದ ಎಣಿಸಿ 15ನೆಯದು ಯಾವುದೋ ಅದೇ ಆ ರಸ್ತೆಯ ವೇಗ. ಸರಾಸರಿ ತೆಗೆಯಬೇಡಿ, ಸರಾಸರಿಯಲ್ಲಿ ಜೋರಾಗಿ ಬರುವವರು ಕಾಣೆಯಾಗುತ್ತಾರೆ. ಗೆರೆಯ ಬಳಿ ಸಮವಸ್ತ್ರದವರು, ಕ್ಯಾಮೆರಾ ಹಿಡಿದವರು ನಿಂತರೂ ಲೆಕ್ಕ ಕೆಡುತ್ತದೆ.

ದಾಟುವವರ ಲೆಕ್ಕಕ್ಕೆ ಒಂದು ಸೂತ್ರವಿದೆ: ಅತಿ ದಟ್ಟಣೆಯ ಗಂಟೆಯಲ್ಲಿ ದಾಟುವ ಜನರ ಸಂಖ್ಯೆಯನ್ನು ವಾಹನಗಳ ಸಂಖ್ಯೆಯ ವರ್ಗದಿಂದ ಗುಣಿಸಿ. ವಿಭಜಕವಿಲ್ಲದ ರಸ್ತೆಯಲ್ಲಿ 10 ಕೋಟಿ, ವಿಭಜಕವಿದ್ದಲ್ಲಿ 20 ಕೋಟಿ ಮೀರಿದರೆ ಅಲ್ಲಿ ನಿಯಂತ್ರಿತ ದಾಟುಹಾದಿ ಬೇಕು. ಮೇಲಿನ ರಸ್ತೆಯಲ್ಲಿ 950 ವಾಹನ, 120 ಜನ ಎಂದರೆ 10.83 ಕೋಟಿ. ಗೆದ್ದಂತಾಯಿತು. ಆದರೆ ಈ ಸೂತ್ರದಲ್ಲೊಂದು ಓರೆಯಿದೆ. ರಸ್ತೆ ತೀರಾ ಭಯಾನಕವಾಗಿದ್ದರೆ ಯಾರೂ ದಾಟುವುದೇ ಇಲ್ಲ. ಅಜ್ಜಿ ಮನೆಯಿಂದ ಹೊರಡುವುದನ್ನೇ ಬಿಡುತ್ತಾರೆ, ಎದುರು ಬದಿಯ ಶಾಲೆಗೆ ಮಗುವನ್ನು ಬೈಕಿನಲ್ಲಿ ಬಿಟ್ಟು ಬರುತ್ತಾರೆ. ಎಣಿಕೆ ಸಣ್ಣದಾಗಿ ಬರುತ್ತದೆ. ಅಂಥ ಕಡೆ ಎರಡೂ ಬದಿಯ ಮನೆ, ಶಾಲೆ, ಬಸ್ ಸ್ಟಾಪ್ ಎಷ್ಟಿವೆ ಎಂದು ನೋಡಿ ನಿರ್ಧರಿಸಬೇಕು.

ಅಪಘಾತದ ಮಾಹಿತಿ ಸಂಚಾರ ಠಾಣೆಯಲ್ಲಿ ಸಿಗುತ್ತದೆ, ಮೂರು ವರ್ಷದ್ದು ಕೇಳಿ. 500 ಮೀಟರಿನೊಳಗೆ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತ, ಇಲ್ಲವೇ 10 ಸಾವು ಸಂಭವಿಸಿದ್ದರೆ ಕೇಂದ್ರ ಸಾರಿಗೆ ಸಚಿವಾಲಯದ ವ್ಯಾಖ್ಯೆಯಂತೆ ಅದು ಬ್ಲ್ಯಾಕ್‌ಸ್ಪಾಟ್. ಅಲ್ಲಿಗೆ ಪಟ್ಟಿ ಬೇಕಿಲ್ಲ, ನೇರವಾಗಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿಗೆ ಬರೆಯಿರಿ. ಸಣ್ಣಪುಟ್ಟದ್ದು ಠಾಣೆಗೆ ಹೋಗುವುದೇ ಇಲ್ಲ. ಅದಕ್ಕೆ ಎದುರಿನ ಮೆಡಿಕಲ್ ಸ್ಟೋರಿನವರನ್ನೂ ಆಟೊದವರನ್ನೂ ಕೇಳಬೇಕು.

ಅಂಕ ಹಾಕುವುದು

ಪ್ರತಿ ಜಾಗಕ್ಕೂ ನಾಲ್ಕು ಬಾಬ್ತಿನಲ್ಲಿ 0ಯಿಂದ 5ರವರೆಗೆ ಅಂಕ ಕೊಡಿ. ಅಪಾಯದ ಅಂಕವನ್ನು 4ರಿಂದ, ನಡೆಯುವವರ ಅಂಕವನ್ನು (ಮಕ್ಕಳು, ವೃದ್ಧರು, ಆಸ್ಪತ್ರೆಗೆ ಹೋಗುವವರಿದ್ದರೆ ಹೆಚ್ಚು) 3ರಿಂದ, ಕೊಂಡಿಯ ಅಂಕವನ್ನು 2ರಿಂದ, ತಡವಾದರೆ ಹೆಚ್ಚುವ ಹಾನಿಯನ್ನು 1ರಿಂದ ಗುಣಿಸಿ ಕೂಡಿ. ಒಟ್ಟು 50. ಕೊಂಡಿ ಎಂದರೆ, ಎರಡೂ ಕಡೆ ಫುಟ್‌ಪಾತ್ ಇದ್ದು ನಡುವೆ 60 ಮೀಟರ್ ಮಾತ್ರ ಕಡಿದುಹೋಗಿದ್ದರೆ ಆ 60 ಮೀಟರಿಗೆ ಪೂರ್ತಿ 5. ಅದೊಂದನ್ನು ಜೋಡಿಸಿದರೆ ಇಡೀ ದಾರಿ ಬಳಕೆಗೆ ಬರುತ್ತದೆ. ಯಾವುದಕ್ಕೂ ಸೇರದೆ ಖಾಲಿ ಸೈಟಿನ ಮುಂದೆ ಮಿರಿಮಿರಿ ಮಿಂಚುವ ಟೈಲ್ಸ್‌ ತುಂಡಿಗೆ 0.

ಬಂದ ಅಂಕವನ್ನು ಲೋಕೋಪಯೋಗಿ ಇಲಾಖೆಯ ದರಪಟ್ಟಿಯಂತೆ ಹಾಕಿದ ಅಂದಾಜಿನಿಂದ ಭಾಗಿಸಿದರೆ ಒಂದು ಲಕ್ಷ ರೂಪಾಯಿಗೆ ಎಷ್ಟು ಅಂಕ ಎಂಬುದು ತಿಳಿಯುತ್ತದೆ. ಇಲ್ಲೊಂದು ಎಚ್ಚರಿಕೆ: ಬರೀ ಭಾಗಾಕಾರ ನಂಬಿದರೆ ಬಣ್ಣ ಬಳಿಯುವ ಕೆಲಸಗಳೇ ಮೇಲೆ ಬಂದು ಚರಂಡಿಯಂಥ ದೊಡ್ಡ ಕೆಲಸ ಎಂದೆಂದಿಗೂ ತಳದಲ್ಲೇ ಉಳಿಯುತ್ತದೆ. ಹಾಗಾಗಿ ಪಟ್ಟಿ ಎರಡಿರಲಿ. ಈ ವರ್ಷವೇ ಮುಗಿಯುವ ಸಣ್ಣ ಕೆಲಸದ್ದು ಒಂದು. ಎರಡು-ಮೂರು ವರ್ಷ ಬೇಡುವ ದೊಡ್ಡದರದ್ದು ಇನ್ನೊಂದು. ಎರಡಕ್ಕೂ ಹಣದ ಪಾಲು ಮೊದಲೇ ಗೊತ್ತುಮಾಡಿಕೊಳ್ಳಿ.

ಅಳತೆ ತಪ್ಪಿದರೆ ದುಡ್ಡು ದಂಡ

ಫುಟ್‌ಪಾತ್‌ಗೆ ವಸತಿ ಪ್ರದೇಶದಲ್ಲಿ ಅಡ್ಡಿಯಿಲ್ಲದ ಅಗಲ ಕನಿಷ್ಠ 1.8 ಮೀಟರ್, ತಲೆಯ ಮೇಲೆ 2.2 ಮೀಟರ್ ತೆರವು, ಅಂಚಿನ ಕರ್ಬ್ ಕಲ್ಲಿನ ಎತ್ತರ 150 ಮಿ.ಮೀ. ಮೀರಬಾರದು. ಎರಡು ಮೀಟರ್ ಫುಟ್‌ಪಾತ್ ಮಾಡಿ ಅದರ ನಡುವೆ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಕಂಬ ಬಿಟ್ಟರೆ ಅದು ಫುಟ್‌ಪಾತ್ ಅಲ್ಲ. 30 ಅಡಿ ರಸ್ತೆಯಲ್ಲಿ ಜಾಗವೆಲ್ಲಿ ಎನ್ನುವವರಿಗೆ ಲೆಕ್ಕ ಇಷ್ಟೇ: 30 ಅಡಿ ಎಂದರೆ ಸುಮಾರು 9.1 ಮೀಟರ್, ಎರಡು ಬದಿ 1.8ರಂತೆ ಬಿಟ್ಟರೆ ನಡುವೆ 5.5 ಮೀಟರ್ ಉಳಿಯುತ್ತದೆ, ಒಳರಸ್ತೆಗೆ ಸಾಕು. ಚರಂಡಿ ಬಾಕ್ಸ್ ಮಾದರಿಯದಾಗಿ ಫುಟ್‌ಪಾತಿನ ಕೆಳಗೇ ಹೋಗಬೇಕು; ಕಾರು ಮನೆಯೊಳಗೇ ನಿಲ್ಲಬೇಕು.

ಹೆಚ್ಚು ಕಡೆ ಕೆಡುವುದು ಗೇಟಿನ ಮುಂದೆ. ಕಾರು ಹತ್ತಿಸಲು ಪ್ರತಿ ಮನೆಯವರೂ ಫುಟ್‌ಪಾತ್ ಅಗಲಕ್ಕೂ ಇಳಿಜಾರು ಕೊಡುತ್ತಾರೆ. ನಡೆಯುವವರು ಹತ್ತಿ ಇಳಿದು ಬೇಸತ್ತು ರಸ್ತೆಗೇ ಇಳಿಯುತ್ತಾರೆ. ಫುಟ್‌ಪಾತ್ ಮಟ್ಟ ಒಂದೇ ಇರಲಿ. ಇಳಿಜಾರು ಕರ್ಬಿನ ಅಂಚಿನ ಒಂದೂವರೆ ಅಡಿಯೊಳಗೆ ಮುಗಿಯಲಿ. ಅಲ್ಲಿ ಮಾತ್ರ 60 ಮಿ.ಮೀ. ಬದಲು 80 ಮಿ.ಮೀ. ದಪ್ಪದ ಇಂಟರ್‌ಲಾಕ್ ಹಾಕಿಸಿ, ಇಲ್ಲದಿದ್ದರೆ ನೀರಿನ ಟ್ಯಾಂಕರ್ ಹತ್ತಿದ ದಿನವೇ ಕುಸಿಯುತ್ತದೆ. ಅಡ್ಡರಸ್ತೆ ಬಂದಲ್ಲಿ ಗಾಲಿಕುರ್ಚಿಗೆ 12 ಅಡಿಗೆ 1 ಅಡಿಯ ಇಳಿಜಾರು.

ಜೀಬ್ರಾ ಪಟ್ಟೆಗೆ ಸಾಮಾನ್ಯ ಪೇಂಟ್ ಬೇಡ, ಒಂದು ಮಳೆಗಾಲದಲ್ಲಿ ತೊಳೆದುಹೋಗುತ್ತದೆ. 2.5 ಮಿ.ಮೀ. ದಪ್ಪದ ಥರ್ಮೋಪ್ಲಾಸ್ಟಿಕ್ (ಕಾಯಿಸಿ ಹಾಕುವ ಬಣ್ಣ), ಮೇಲೆ ಗಾಜಿನ ಮಣಿ ಎಂದು ಅಂದಾಜಿನಲ್ಲೇ ಬರೆಸಿ. ಪಟ್ಟೆಯ ಹಿಂದೆ 10 ಮೀಟರ್ ಯಾವ ವಾಹನವೂ ನಿಲ್ಲಬಾರದು. ಬಸ್ ಸ್ಟಾಪ್ ಪಟ್ಟೆ ದಾಟಿದ ಮೇಲೆ ಇರಬೇಕು, ಮೊದಲೇ ಇದ್ದರೆ ನಿಂತ ಬಸ್ಸಿನ ಮರೆಯಿಂದ ಮಗು ಓಡಿ ಬಂದದ್ದು ಹಿಂದಿನ ಬೈಕಿನವನಿಗೆ ಕಾಣುವುದಿಲ್ಲ. ಸೆಕೆಂಡಿಗೆ 0.8 ಮೀಟರ್ ನಡೆಯುವ ವೃದ್ಧರಿಗೆ 7 ಮೀಟರ್ ದಾಟಲು ಸುಮಾರು 9 ಸೆಕೆಂಡು ಬೇಕು. 50 ಕಿ.ಮೀ. ವೇಗದ ವಾಹನ ಅಷ್ಟರಲ್ಲಿ 125 ಮೀಟರ್ ಬಂದಿರುತ್ತದೆ. ಪಟ್ಟೆಯಿಂದ ಅಷ್ಟು ದೂರ ಎರಡೂ ಕಡೆ ಕಾಣದಿದ್ದರೆ ಪಟ್ಟೆಯ ಜಾಗ ಬದಲಿಸಿ, ಇಲ್ಲವೇ ವೇಗ ತಗ್ಗಿಸಿ.

ವೇಗ ತಗ್ಗಿಸಲು ರಾತ್ರೋರಾತ್ರಿ ಜಲ್ಲಿ ಸುರಿದು ಮಾಡುವ ಒಂದಡಿ ಅಗಲದ ಹಂಪು ಬೆನ್ನು ಮುರಿಯಲಷ್ಟೇ ಸೈ. ಐ.ಆರ್.ಸಿ. ಹೇಳುವುದು 3.7 ಮೀಟರ್ ಅಗಲ, 100 ಮಿ.ಮೀ. ಎತ್ತರದ ದುಂಡು ಹಂಪು. 25 ಕಿ.ಮೀ. ವೇಗದಲ್ಲಿ ಅದನ್ನು ಆಂಬುಲೆನ್ಸೂ ದಾಟಬಹುದು. ಬಣ್ಣ, ಮುನ್ಸೂಚನೆ ಫಲಕ, ಬೀದಿದೀಪ ಮೂರೂ ಇಲ್ಲದ ಹಂಪು ಹೊಸ ಅಪಾಯ.

ಯಾವುದರ ಮೇಲೆ ಯಾವುದು

ಮೊದಲು ಚರಂಡಿ, ಆಮೇಲೆ ಯುಜಿಡಿ (ಒಳಚರಂಡಿ) ಮತ್ತು ನೀರಿನ ಪೈಪು, ಆಮೇಲೆ ಕೇಬಲ್ಲಿಗೆಂದು ಪ್ರತಿ ಅಡ್ಡರಸ್ತೆಯ ಕೆಳಗೆ ಖಾಲಿ ಪೈಪು, ಆಮೇಲೆ ಫುಟ್‌ಪಾತ್, ಕೊನೆಗೆ ಡಾಂಬರು, ಬಣ್ಣ. ಇದು ಎಲ್ಲರಿಗೂ ಗೊತ್ತು, ಆದರೂ ಚುನಾವಣೆ ಹತ್ತಿರವಾದಾಗ ಡಾಂಬರು ಮೊದಲು ಬೀಳುತ್ತದೆ. ಆರು ತಿಂಗಳಿಗೆ ಯುಜಿಡಿಯವರು ಅಗೆಯುತ್ತಾರೆ. ಅಗೆದ ಕಾಲುವೆಗೆ ತೆಗೆದ ಮಣ್ಣನ್ನೇ ಒಮ್ಮೆಲೇ ತುಂಬಿದರೆ ಮುಂಗಾರಿಗೆ ಕುಸಿಯುವುದು ಖಚಿತ. ಪದರ ಪದರವಾಗಿ ನೀರು ಹಾಕಿ ಅದುಮಿಸಬೇಕು, ಮ್ಯಾನ್‌ಹೋಲ್ ಮುಚ್ಚಳ ರಸ್ತೆ ಮಟ್ಟಕ್ಕೆ ಸಮ ಬರಬೇಕು. ಹಳೆಯ ಡಾಂಬರು ಕೆರೆಯದೆ 30 ಮಿ.ಮೀ.ನಂತೆ ಮೂರು ಸಲ ಮೇಲೆ ಮೇಲೆ ಹಾಕಿದರೆ 150ರ ಕರ್ಬು 60ಕ್ಕೆ ಇಳಿಯುತ್ತದೆ. ಬೈಕು ಫುಟ್‌ಪಾತ್ ಹತ್ತುತ್ತದೆ, ಮಳೆ ನೀರು ಮನೆ ಹೊಗುತ್ತದೆ.

ಕಂಬ ಸ್ಥಳಾಂತರಕ್ಕೆ ವಿದ್ಯುತ್ ಕಂಪನಿಯಾದ ಸೆಸ್ಕ್‌ಗೆ ಎಲ್ಲಕ್ಕಿಂತ ಮೊದಲು ಅರ್ಜಿ ಹಾಕಿ. ಅಂದಾಜು, ಠೇವಣಿ, ವಿದ್ಯುತ್ ನಿಲುಗಡೆ ಎಂದು ತಡವಾಗುವುದು ಅದೇ. ಮರ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಕಡಿಯುವ ಬದಲು ಮರದ ಸುತ್ತ ಫುಟ್‌ಪಾತ್ ತಿರುಗಿಸುವುದು ಬಹುತೇಕ ಅಗ್ಗ. ತಳ್ಳುಗಾಡಿಯವರನ್ನು ಪೊಲೀಸರಿಂದ ಎಬ್ಬಿಸಿದರೆ ಮರುವಾರ ಅಲ್ಲೇ ಇರುತ್ತಾರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಡಿ ಪಟ್ಟಣ ಮಾರಾಟ ಸಮಿತಿಯಲ್ಲಿ ಜಾಗ ಗುರುತಿಸಿ, 1.8 ಮೀಟರ್ ನಡೆಯಲು ಬಿಟ್ಟು ಗೆರೆ ಎಳೆದುಕೊಡಿ.

ಅರ್ಜಿ ಡಿಸೆಂಬರಿನೊಳಗೆ ಕಚೇರಿ ಸೇರಿದರೆ ಮಾರ್ಚಿಗೆ ಮುಂಚಿನ ಬಜೆಟ್ ತಯಾರಿಯಲ್ಲಿ ಕಣ್ಣಿಗೆ ಬೀಳುತ್ತದೆ. ನಕ್ಷೆ, ಎಣಿಕೆಯ ಹಾಳೆ, ಅಂಕಪಟ್ಟಿ, ಎರಡು ಫೋಟೊ, ಇಷ್ಟು ಸಾಕು. ನಿಗದಿತ ಮಾನದಂಡ ಪಾಲಿಸದ ರಸ್ತೆಯಿಂದ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಕಲಂ ಅವಕಾಶ ಕೊಡುತ್ತದೆ. ಅರ್ಜಿಯಲ್ಲಿ ಅದನ್ನೊಂದು ಸಾಲು ನಮೂದಿಸಿದರೆ ಕಡತ ಸ್ವಲ್ಪ ಚುರುಕಾಗುತ್ತದೆ.

ಕೆಲಸ ಮುಗಿದ ಮೂರು ತಿಂಗಳಿಗೆ ಅದೇ ಗೆರೆ, ಅದೇ ಗಂಟೆ, ಮತ್ತೆ ಎಣಿಸಿ. ವೇಗ ಇಳಿಯದಿದ್ದರೆ, ಜನ ಪಟ್ಟೆ ಬಿಟ್ಟು 30 ಮೀಟರ್ ಆಚೆ ದಾಟುತ್ತಿದ್ದರೆ ಪಟ್ಟೆಯೇ ತಪ್ಪು ಜಾಗದಲ್ಲಿದೆ. ಗುತ್ತಿಗೆದಾರರ ದೋಷ ಹೊಣೆ ಅವಧಿ (ಕೆಲಸ ಕೆಟ್ಟರೆ ಅವರೇ ಸರಿಪಡಿಸಬೇಕಾದ ಕಾಲ) ಯಾವತ್ತು ಮುಗಿಯುತ್ತದೆ ಎಂದು ಕಾರ್ಯಾದೇಶದ ಪ್ರತಿ ತರಿಸಿ ನೋಡಿಕೊಳ್ಳಿ. ಅದಕ್ಕೆ ಎರಡು ತಿಂಗಳು ಮುಂಚೆ, ಒಂದು ಜೋರು ಮಳೆ ನಿಂತ ಮಾರನೆಯ ಬೆಳಿಗ್ಗೆ ಇಡೀ ದಾರಿ ನಡೆದು, ನೀರು ನಿಂತ ಜಾಗ, ಅಲುಗಾಡುವ ಚಪ್ಪಡಿ, ಕುಸಿದ ಇಂಟರ್‌ಲಾಕ್ ಎಲ್ಲವನ್ನೂ ಮನೆ ನಂಬರ್ ಸಹಿತ ಬರೆದು ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.