ಚೋಕ್ ವೈರ್ ಯಾಕೆ ಬಿಸಿಯಾಗಿತ್ತು?

ಮೈಸೂರಿನಿಂದ ಹಾಸನಕ್ಕೆ ಹೊರಟಿದ್ದ ನಾನೂ ಅಮ್ಮನೂ ಭೇರ್ಯದಲ್ಲಿ ಕಾಫಿ ಕುಡಿದು ಬಂದು ಕಾರು ಹತ್ತಿದೆವು. ಕೀ ತಿರುಗಿಸಿದರೆ ಟಕ್ ಅಂತ ಒಂದೇ ಸದ್ದು. ಮತ್ತೆ ತಿರುಗಿಸಿದೆ, ಮತ್ತೆ ಟಕ್. ಡ್ಯಾಶ್‌ಬೋರ್ಡಿನ ಕೆಳಗಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬರತೊಡಗಿತು. ಅಮ್ಮ ಬಾಗಿಲು ತೆಗೆದು ಇಳಿದೇಬಿಟ್ಟರು.

ಕಾರು 1984ರ ಪ್ರೀಮಿಯರ್ ಪದ್ಮಿನಿ. ನಮ್ಮ ಮನೆಯಲ್ಲಿ ಯಾರೂ ಹಾಗೆ ಕರೆಯುವುದಿಲ್ಲ, ಎಲ್ಲರಿಗೂ ಅದು ಫಿಯೆಟ್ಟೇ. ಅಪ್ಪ ಇದ್ದಾಗಲೇ ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ತೆಗೆಸಿ ಅದೇ ಕೆಲಸಕ್ಕೆ ಆಲ್ಟರ್ನೇಟರ್ ಹಾಕಿಸಿದ್ದರು. ಒಂದೆರಡು ತಿಂಗಳಿಂದ ಸೆಲ್ಫ್, ಅಂದರೆ ಎಂಜಿನ್ ತಿರುಗಿಸಿ ಎಬ್ಬಿಸುವ ಮೋಟಾರ್, ಸರಿಯಾಗಿ ಎತ್ತುತ್ತಿರಲಿಲ್ಲ, ಬ್ಯಾಟರಿ ಪದೇ ಪದೇ ಡೌನ್ ಆಗುತ್ತಿತ್ತು. ಒಂದು ಗ್ಯಾರೇಜಿನಲ್ಲಿ ತೋರಿಸಿದಾಗ ಸೆಲ್ಫ್ ಮೋಟಾರ್, ಆಲ್ಟರ್ನೇಟರ್, ಬ್ಯಾಟರಿ ಮೂರೂ ಬದಲಾಯಿಸಬೇಕು, 14,000 ರೂಪಾಯಿ ಆಗುತ್ತದೆ ಎಂದಿದ್ದರು. ಯಾವುದಕ್ಕೂ ಮೀಟರ್ ಹಿಡಿದು ನೋಡಿರಲಿಲ್ಲ. ನನ್ನ ಹತ್ತಿರ ಅಷ್ಟು ದುಡ್ಡೂ ಇರಲಿಲ್ಲ. ಹಿಂದಿನ ರಾತ್ರಿ ಬ್ಯಾಟರಿಯನ್ನು ಚಾರ್ಜಿಗೆ ಹಾಕಿ, ಹೇಗೋ ಹೋಗಿಬರೋಣ ಅಂತ ಹೊರಟಿದ್ದೆ.

ಹಳೇ ಫಿಯೆಟ್ ಇಟ್ಟುಕೊಂಡಿರುವ ನಾವು ಏಳೆಂಟು ಜನ ಭಾನುವಾರಗಳಂದು ಸೇರುತ್ತೇವೆ. ನಮ್ಮಲ್ಲಿ ಹಿರಿಯರು ಮಂಡ್ಯದ ಒಬ್ಬ ನಿವೃತ್ತ ಐಟಿಐ ಮೇಷ್ಟ್ರು. ಅವರಿಗೆ ಫೋನ್ ಮಾಡಿದೆ.

“ಹಾರನ್ ಜೋರಾಗಿ ಹೊಡೆಯುತ್ತಾ?”

“ಹೊಡೆಯುತ್ತೆ ಸಾರ್.”

“ಸೆಲ್ಫ್ ಹೊಡೆಯುವಾಗ ಹೆಡ್‌ಲೈಟ್ ತೀರಾ ಮಂಕಾಗುತ್ತಾ?”

“ಇಲ್ಲ ಸಾರ್, ಸ್ವಲ್ಪ ಅಷ್ಟೇ.”

“ಹಂಗಾದ್ರೆ ಬ್ಯಾಟರಿ ಬೈಬೇಡ. ಬಾನೆಟ್ ಎತ್ತಿ ಚೋಕ್ ವೈರ್ ಮುಟ್ಟಿ ನೋಡು. ಹುಷಾರಾಗಿ ಮುಟ್ಟಪ್ಪ.”

ಮುಟ್ಟಿದರೆ ಬೆರಳು ಚುರ್ರೆಂದಿತು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನಿಂದ ಡ್ಯಾಶ್‌ಬೋರ್ಡಿನ ಚೋಕ್ ಗುಂಡಿಯವರೆಗೆ (ತಣ್ಣಗಿರುವ ಎಂಜಿನ್ ಎಬ್ಬಿಸಲು ಎಳೆಯುವ ಗುಂಡಿ) ಹೋಗುವ ಆ ತೆಳ್ಳಗಿನ ಕೇಬಲ್ಲಿನ ಮೇಲ್ಪೊರೆ ಒಂದು ಕಡೆ ಮೆತ್ತಗಾಗಿ ಕರಗಿತ್ತು. ಇನ್ನು ಕೀ ತಿರುಗಿಸಲೇಬೇಡ ಎಂದ ಮೇಷ್ಟ್ರು, ಜಂಪರ್ ಕೇಬಲ್ ಎಲ್ಲಾದರೂ ಸಿಗುತ್ತದಾ ವಿಚಾರಿಸು ಎಂದರು. ಪಕ್ಕದಲ್ಲಿ ನಿಂತಿದ್ದ ಲಾರಿಯವರ ಹತ್ತಿರ ಇತ್ತು. ಎರಡು ವೈರೂ ಬೇಡ, ಒಂದು ಸಾಕು: ಬ್ಯಾಟರಿಯ ಮೈನಸ್‌ನಿಂದ ನೇರವಾಗಿ ಎಂಜಿನ್ನಿನ ಬರಿ ಕಬ್ಬಿಣಕ್ಕೆ, ಎಂಜಿನ್ನಿಗೆ ಪೆಟ್ರೋಲ್ ಎತ್ತುವ ಪಂಪಿನಿಂದಲೂ ಫ್ಯಾನಿನಿಂದಲೂ ದೂರಕ್ಕೆ. ಗೇರ್ ನ್ಯೂಟ್ರಲ್ ಮಾಡಿ ಕೀ ತಿರುಗಿಸಿದೆ. ತಿಂಗಳುಗಳಿಂದ ಕೇಳದ ಹುರುಪಿನಲ್ಲಿ ಸೆಲ್ಫ್ ಎತ್ತಿತು. ಲಾರಿಯವರು ಕೇಬಲ್ಲಿಗೆ ಕಾಸು ತೆಗೆದುಕೊಳ್ಳಲಿಲ್ಲ. ಹಾಸನ ತಲುಪುವವರೆಗೂ ನಾನು ಎಂಜಿನ್ ಆರಿಸಲಿಲ್ಲ.

ದಾರಿಯುದ್ದಕ್ಕೂ ಆ ಚೋಕ್ ವೈರಿನದೇ ಯೋಚನೆ. ಕರೆಂಟು ಬ್ಯಾಟರಿಯ ಪ್ಲಸ್‌ನಿಂದ ಹೊರಟರೆ ಸಾಲದು, ಮೈನಸ್‌ಗೆ ವಾಪಸ್ಸೂ ಬರಬೇಕು. ಸೆಲ್ಫ್ ಮೋಟಾರಿಗೆ ವಾಪಸಿನ ದಾರಿ ಎಂಜಿನ್ನಿನ ಮೈಯೇ, ಅಲ್ಲಿಂದ ಮುಂದೆ ಬ್ಯಾಟರಿಯ ಮೈನಸ್ ಕಟ್ಟಿರುವ ಕಾರಿನ ಬಾಡಿ. ಆದರೆ ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ರಬ್ಬರಿನೊಳಗೆ ಕರೆಂಟು ಹಾಯುವುದಿಲ್ಲ. ಅದಕ್ಕೇ ಎಂಜಿನ್ನಿಗೂ ಬಾಡಿಗೂ ನಡುವೆ ತಾಮ್ರದ ಹೆಣಿಗೆಯ ಒಂದು ಅರ್ತ್ ಪಟ್ಟಿ ಇರುತ್ತದೆ. ಸೆಲ್ಫ್ ಹೊಡೆಯುವಾಗ ನೂರು ಆಂಪಿಯರ್‌ಗೂ ಮೀರಿ ಎಳೆಯುತ್ತದೆ. ಪಟ್ಟಿ ಕೆಟ್ಟರೆ ಆ ಕರೆಂಟು ಎಂಜಿನ್ನನ್ನೂ ಬಾಡಿಯನ್ನೂ ಮುಟ್ಟುವ ಬೇರೆ ಯಾವ ಲೋಹ ಸಿಕ್ಕಿದರೂ ಅದರೊಳಗೆ ನುಗ್ಗುತ್ತದೆ. ನನ್ನ ಕಾರಿನಲ್ಲಿ ಅದಕ್ಕೆ ಸಿಕ್ಕಿದ್ದು ಚೋಕ್ ವೈರ್. ಇನ್ನು ನಾಲ್ಕು ಸಲ ಕೀ ತಿರುಗಿಸಿದ್ದರೆ ಬೆಂಕಿಯೇ ಹತ್ತುತ್ತಿತ್ತೋ ಏನೋ.

ಮುಂದಿನ ಭಾನುವಾರ ಮೂವರು ನಮ್ಮ ಮನೆಗೇ ಬಂದರು. ಅಮ್ಮ ಅಕ್ಕಿರೊಟ್ಟಿ ತಟ್ಟಿದರು. ನಾನು 350 ರೂಪಾಯಿಗೆ ಒಂದು ಡಿಜಿಟಲ್ ಮೀಟರ್ ತಂದಿದ್ದೆ. ಮೇಷ್ಟ್ರು ಮಾತ್ರ ತಾವು ಏನನ್ನೂ ಮುಟ್ಟುವುದಿಲ್ಲ, ನಾನೇ ಮಾಡಬೇಕು ಎಂದು ಹಟ ಹಿಡಿದು ಕುರ್ಚಿ ಹಾಕಿಕೊಂಡು ಕೂತರು. ಈ ಹಟಕ್ಕೆ ನಾನು ಋಣಿ.

ಪೆಟ್ರೋಲಿಗೆ ಕಿಡಿ ಹೊತ್ತಿಸುವ ಕಾಯಿಲ್‌ನ ಸಣ್ಣ ವೈರ್ ಬಿಚ್ಚಿದೆ, ಎಂಜಿನ್ ಸ್ಟಾರ್ಟ್ ಆಗದೆ ಬರೀ ತಿರುಗಲಿ ಅಂತ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಗೂಟಕ್ಕೆ, ಇನ್ನೊಂದು ಎಂಜಿನ್ ಬ್ಲಾಕಿಗೆ. ಗೆಳೆಯ ಎರಡೇ ಸೆಕೆಂಡು ಸೆಲ್ಫ್ ಹೊಡೆದ: 5.8 ವೋಲ್ಟ್! ಅಲ್ಲಿ ಅರ್ಧ ವೋಲ್ಟಿಗಿಂತ ಕಡಿಮೆ ಇರಬೇಕಿತ್ತು. ಅಂದರೆ ಬ್ಯಾಟರಿಯ ಅರ್ಧ ಶಕ್ತಿ ವಾಪಸಿನ ದಾರಿಯಲ್ಲೇ ಹಾಳಾಗುತ್ತಿತ್ತು. ಈ ಒಂದು ಪರೀಕ್ಷೆಯನ್ನು ಹಳೇ ಕಾರು ಇಟ್ಟುಕೊಂಡ ಪ್ರತಿಯೊಬ್ಬರೂ ಕಲಿಯಬೇಕು ಅನ್ನುತ್ತೇನೆ. ಓಮ್ಸ್‌ನಲ್ಲಿಟ್ಟು ಪಟ್ಟಿಯ ತಡೆ ಅಳೆದರೆ ಇದು ಸಿಗುವುದಿಲ್ಲ. ನಾಲ್ಕು ಎಳೆ ಉಳಿದಿದ್ದರೂ ಮೀಟರ್ ‘ಸರಿ ಇದೆ’ ಅಂತಲೇ ತೋರಿಸುತ್ತದೆ. ಹೊರೆ ಬಿದ್ದಾಗಲೇ ಬಣ್ಣ ಬಯಲಾಗುವುದು.

ಕಾರಿನ ಕೆಳಗೆ ತೂರಿ ಪಟ್ಟಿ ಬಿಚ್ಚಿದೆವು. ಎಳೆಗಳೆಲ್ಲ ಹಸಿರು ಕಿಲುಬು ಹಿಡಿದು ಉದುರುತ್ತಿದ್ದವು. ಅದಕ್ಕಿಂತ ಮುಖ್ಯವಾದದ್ದು ಬಾಡಿಯ ಕಡೆಯ ಬೋಲ್ಟಿನಲ್ಲಿತ್ತು. ಹಿಂದಿನ ವರ್ಷ ಟಿಂಕರಿಂಗ್, ಪೇಂಟಿಂಗ್ ಮಾಡಿಸಿದ್ದೆ. ಆಗ ಆ ಜಾಗಕ್ಕೂ ಬಣ್ಣ ಹೊಡೆದು ಅದರ ಮೇಲೇ ಪಟ್ಟಿ ಕೂರಿಸಿದ್ದರು. ಬಣ್ಣದ ಮೂಲಕ ಅರ್ತ್ ಸಿಗುವುದು ಹೇಗೆ? ತೊಂದರೆ ಶುರುವಾಗಿದ್ದೂ ಆ ಪೇಂಟಿಂಗ್ ಆದ ಮೇಲೆಯೇ ಎನ್ನುವುದು ನನಗೆ ಆಗ ನೆನಪಾಯಿತು.

ನಾನು ತಂದಿದ್ದು ದಪ್ಪನೆಯ ಬ್ಯಾಟರಿ ಕೇಬಲ್. ನಂಜನಗೂಡಿನ ಗೆಳೆಯ ಅದನ್ನು ವಾಪಸ್ ಕಳಿಸಿದ. ರಬ್ಬರಿನ ಮೇಲೆ ಎಂಜಿನ್ ಸದಾ ಅಲುಗುತ್ತಿರುತ್ತದೆ, ಬಿರುಸಾದ ಕೇಬಲ್ ಹಾಕಿದರೆ ತುದಿಯಲ್ಲಿ ತುಂಡಾಗುತ್ತದೆ, ಹೆಣಿಗೆಯ ಪಟ್ಟಿಯೇ ಆಗಬೇಕು ಅಂದ. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಅದು 180 ರೂಪಾಯಿಗೆ ಸಿಕ್ಕಿತು. ಉಪ್ಪುಕಾಗದ ಹಾಕಿ ಎರಡೂ ಕಡೆ ಲೋಹ ಫಳಫಳ ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿ, ನೀರು ತಾಗದಂತೆ ಮೇಲೆ ವ್ಯಾಸಲೀನ್ ಬಳಿದೆ. ಮತ್ತೆ ಅಳೆದಾಗ 0.2 ವೋಲ್ಟ್.

ಅಲ್ಲಿಗೆ ಮುಗಿಯಿತು ಅಂದುಕೊಂಡರೆ, ಆಕ್ಸಿಲರೇಟರ್ ಒತ್ತದೆ ಎಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಬ್ಯಾಟರಿಯ ಮೇಲೆ 12.3 ವೋಲ್ಟ್ ಅಷ್ಟೇ ಬರುತ್ತಿತ್ತು. ಚಾರ್ಜ್ ಆಗುತ್ತಿದ್ದರೆ 14ರ ಆಸುಪಾಸು ಇರಬೇಕು. ಹಾಗಾದರೆ ಆಲ್ಟರ್ನೇಟರ್ ಹೋಗಿರುವುದು ನಿಜವೇ? ಮೇಷ್ಟ್ರು ಆಕ್ಸಿಲರೇಟರ್ ಜೋರಾಗಿ ಒತ್ತಲು ಹೇಳಿದರು. ಮೀಟರ್ ತಟ್ಟನೆ 13.9ಕ್ಕೆ ಏರಿತು.

“ಕೀ ಆನ್ ಮಾಡಿದಾಗ ಕೆಂಪು ಬ್ಯಾಟರಿ ದೀಪ ಉರಿಯುತ್ತಾ?”

“ಇಲ್ಲ ಸಾರ್, ಅದು ಯಾವಾಗಲೂ ಉರಿದೇ ಇಲ್ಲ.” ಕೆಂಪು ದೀಪ ಉರಿಯದಿದ್ದರೆ ಎಲ್ಲ ಸರಿಯಿದೆ ಎಂದು ನಾನು ನಂಬಿದ್ದೆ. ಎಂಜಿನ್ ಓಡುವಾಗ ಅದು ನಿಜ. ಆದರೆ ಎಂಜಿನ್ ಎಬ್ಬಿಸುವ ಮೊದಲು ಆ ದೀಪ ಉರಿಯಲೇಬೇಕು. ಆ ಪುಟ್ಟ ಬಲ್ಬಿನ ಮೂಲಕವೇ ಆಲ್ಟರ್ನೇಟರಿನೊಳಗಿನ ಸುರುಳಿಗೆ ಮೊದಲ ಕರೆಂಟು ಹೋಗುವುದು. ಅದು ಸಿಕ್ಕಿದರೆ ಸುರುಳಿ ಅಯಸ್ಕಾಂತವಾಗಿ ಚಾರ್ಜಿಂಗ್ ಶುರುವಾಗುತ್ತದೆ. ಬಲ್ಬ್ ಸುಟ್ಟಿದ್ದರೆ ಕಬ್ಬಿಣದಲ್ಲಿ ಉಳಿದ ಅಲ್ಪಸ್ವಲ್ಪ ಅಯಸ್ಕಾಂತ ಶಕ್ತಿಯನ್ನೇ ನೆಚ್ಚಿ, ಜೋರಾಗಿ ತಿರುಗಿದಾಗಷ್ಟೇ ಎಚ್ಚರಗೊಳ್ಳುತ್ತದೆ. ಊರೊಳಗೆ ನಿಧಾನವಾಗಿ ಓಡಿಸಿದ ದಿನಗಳಲ್ಲೇ ನನ್ನ ಬ್ಯಾಟರಿ ಡೌನ್ ಆಗುತ್ತಿದ್ದುದರ ಗುಟ್ಟು ಇದು.

ಬಲ್ಬಿನ ಬೆಲೆ 15 ರೂಪಾಯಿ. ಅದನ್ನು ಮೀಟರ್ ಬೋರ್ಡಿನ ಹಿಂದೆ ಕೈ ತೂರಿಸಿ ಹಾಕಲು ಹಿಡಿದದ್ದು ಮುಕ್ಕಾಲು ಗಂಟೆ. ಕೀ ಆನ್ ಮಾಡಿದೆ, ಕೆಂಪು ದೀಪ ಹೊತ್ತಿತು. ಸ್ಟಾರ್ಟ್ ಮಾಡಿದೆ, ಆರಿತು. ಐಡ್ಲಿಂಗ್‌ನಲ್ಲೇ 14.1. ನಾಲ್ವರೂ ಒಟ್ಟಿಗೆ ಕೂಗಿದ್ದಕ್ಕೆ ಪಕ್ಕದ ಮನೆಯವರು ಕಿಟಕಿಯಿಂದ ಇಣುಕಿದರು.

ಪಟ್ಟಿ, ಬಲ್ಬ್, 20 ರೂಪಾಯಿಯ ಉಪ್ಪುಕಾಗದ ಸೇರಿ 215 ರೂಪಾಯಿ. ಮೀಟರನ್ನೂ ಸೇರಿಸಿದರೆ 565. ಬ್ಯಾಟರಿ, ಆಲ್ಟರ್ನೇಟರ್, ಸೆಲ್ಫ್ ಮೋಟಾರ್ ಮೂರೂ ಹಳೆಯವೇ ಇವೆ, ಚೆನ್ನಾಗಿಯೂ ಇವೆ. ಕರಗಿದ ಚೋಕ್ ಕೇಬಲ್ಲಿಗೆ ಬದಲು ನಂಜನಗೂಡಿನ ಗೆಳೆಯ ತನ್ನ ಬಳಿಯಿದ್ದದ್ದೊಂದನ್ನು ಕೊಟ್ಟ, ದುಡ್ಡಿನ ಮಾತೆತ್ತಿದರೆ ಬೇಜಾರು ಮಾಡಿಕೊಂಡ.

ಪೆಟ್ರೋಲಿನ ಮುಳ್ಳು ಮಾತ್ರ ಇನ್ನೂ ತಿರುವಿನಲ್ಲೆಲ್ಲ ಓಲಾಡುತ್ತದೆ. ಟ್ಯಾಂಕಿನ ಅರ್ತ್ ನೋಡಬೇಕು ಎಂದಿದ್ದಾರೆ ಮೇಷ್ಟ್ರು. ಬರುವ ಭಾನುವಾರ ಡಿಕ್ಕಿ ಖಾಲಿ ಮಾಡಿ ಇಟ್ಟಿರುತ್ತೇನೆ.